ಚಿತ್ರಲಿಂಗಪ್ಪನ ಎಡಗಣ್ಣು

ಆದಿವಾಲದ ಚಿತ್ರಲಿಂಗಪ್ಪನಿಗೆ ಒಂದು ಕಡೆ ಕೂತು ಗೊತ್ತಿರಲಿಲ್ಲ. ಹಿರಿಯೂರಿನಿಂದ ಹೊಸದುರ್ಗಕ್ಕೆ ಓಡುವ ಖಾಸಗಿ ಬಸ್ಸಿನ ಡ್ರೈವರ್ ಆತ. ಉಣ್ಣಲು ಕೂತಾಗಲೂ ಬಲಗಾಲು ನೆಲ ತುಳಿಯುತ್ತಲೇ ಇರುತ್ತಿತ್ತು. ಸಾವಿರದ ಒಂಬೈನೂರ ಎಪ್ಪತ್ತಾರರ ಬೇಸಿಗೆಯಲ್ಲಿ ಅವನ ಎಡಹಣೆಯ ಮೇಲೆ ಸರ್ಪಸುತ್ತು ಎದ್ದಿತು. ಹೆಂಡತಿ ಗಂಗಕ್ಕ ಕೆಮ್ಮಣ್ಣು ಹಚ್ಚಿಸಿದಳು. ಗುಳ್ಳೆ ಒಣಗಿ ಉದುರಿದವು, ಕಣ್ಣು ಮಾತ್ರ ಕೆಂಪಗೇ ಉಳಿಯಿತು.

ಆಮೇಲೆ ಆ ಕಣ್ಣ ಮುಂದೆ ಕರಿ ಚುಕ್ಕೆಗಳು ಹಾರಾಡತೊಡಗಿದವು. ಗಾಡಿ ಓಡಿಸುತ್ತಲೇ ಅವನು ಕೈ ಬೀಸುವುದನ್ನು ಕಂಡಕ್ಟರ್ ಓಬಯ್ಯ ನೋಡಿದ.

"ಏನಪ್ಪ, ಯಾರಿಗೆ ಕೈ ಬೀಸ್ತೀಯ?"

"ನೊಣ ಕಣೋ."

ಹೇಳಿದರೆ ಗಾಡಿ ಕೈ ತಪ್ಪುತ್ತದೆಂಬ ಅಂಜಿಕೆ. ಮನೆಯಲ್ಲಿ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಗೋಡೆಯ ಕ್ಯಾಲೆಂಡರ್ ನೋಡುವುದೇ ಅವನ ಕೆಲಸವಾಯಿತು. ದಿನ ಕಳೆದಂತೆ ಎಡಗಡೆಯಿಂದ ಒಂದು ಕಪ್ಪು ಪರದೆ ಸರಿದು ಬರುತ್ತಿತ್ತು. ಗಂಗಕ್ಕ ಕೇಳಿದರೆ ರೇಗುತ್ತಿದ್ದ.

ಒಂದು ಬೆಳಿಗ್ಗೆ ಓಬಯ್ಯ "ಹಿಡಿ, ಹಿಡಿ!" ಎಂದು ಕಿರುಚಿದ. ಚಿತ್ರಲಿಂಗಪ್ಪ ಬ್ರೇಕ್ ಒತ್ತಿದ. ಎಡಬದಿಯಲ್ಲಿ ಕುರಿ ಕಾಯುತ್ತಿದ್ದ ಕಾಳಕ್ಕನ ಕೈಯ ಕೋಲು ಬಸ್ಸಿಗೆ ತಗುಲಿ ಮುರಿದುಬಿದ್ದಿತ್ತು. ಆಕೆ ಮರಿಯನ್ನು ಎದೆಗವುಚಿಕೊಂಡು ಬಸ್ಸಿನ ಮುಂದೆ ಬಂದು ನಿಂತಳು.

"ಕಣ್ಣು ಕಾಣಲ್ವೇನಲೇ ನಿಂಗೆ?"

"ಇಲ್ಲ ಕಣಕ್ಕ," ಎಂದ ಚಿತ್ರಲಿಂಗಪ್ಪ, ಕೆಳಗಿಳಿದು. "ಈ ಕಣ್ಣು ಕಾಣ್ತಿಲ್ಲ."

ಯಾರಿಗೂ ಹೇಳದ ಮಾತು ಬೈದವಳ ಮುಂದೆ ಬಾಯಿಗೆ ಬಂದಿತ್ತು. ಕಾಳಕ್ಕನ ಸಿಟ್ಟು ಇಳಿಯಿತು. "ಹಂಗಾದ್ರೆ ಗಾಡಿ ಹತ್ಬ್ಯಾಡ, ಆಸ್ಪತ್ರೆಗೆ ಹೋಗಪ್ಪ," ಎಂದಳು. ಚಿತ್ರಲಿಂಗಪ್ಪ ಬೀಗದ ಕೈಯನ್ನು ಓಬಯ್ಯನ ಅಂಗೈಯಲ್ಲಿಟ್ಟ.

ಚಿತ್ರದುರ್ಗದ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಅಲ್ಲಿನವರು ದೀಪ ಬಿಟ್ಟು ನೋಡಿ ಹೇಳಿದರು: "ಸರ್ಪಸುತ್ತಿನ ವೈರಸ್ಸೇ ಕಣ್ಣೊಳಗೆ ಹೊಕ್ಕಿದೆ. ಕಣ್ಣಿನ ಹಿಂಬದಿಯ ತೆಳು ಪರದೆ ಅಲ್ಲಲ್ಲಿ ಸತ್ತು ತೂತು ಬಿದ್ದಿದೆ. ತೂತಿನಿಂದ ನೀರು ನುಗ್ಗಿ ಪರದೆ ಕಳಚಿಕೊಂಡಿದೆ."

ಆಪರೇಷನ್ ಆಯಿತು. ಕಣ್ಣು ಅಲುಗದಂತೆ ಎರಡಕ್ಕೂ ಪಟ್ಟಿ, ತಲೆ ಹೊರಳದಂತೆ ಎರಡೂ ಬದಿಗೆ ಮರಳಿನ ಚೀಲ. ಅವನಿಗೆ ಅದು ಸೆರೆಮನೆಗಿಂತ ಕಡೆಯಾಯಿತು. ಹಾಸಿಗೆಯ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. ಗಂಗಕ್ಕ ಅವನ ಪಾದಗಳನ್ನು ಅಪ್ಪಿ ಹಿಡಿದು, ಮನೆಯ ಎಮ್ಮೆಯಿಂದ ಹಿಡಿದು ಓಣಿಯ ಜಗಳದವರೆಗೆ ಎಲ್ಲ ಹೇಳುತ್ತಿದ್ದಳು.

ಪಟ್ಟಿ ಬಿಚ್ಚಿದಾಗ ಎಡಗಣ್ಣಿಗೆ ಬೆಳಕಷ್ಟೇ ಕಂಡಿತು. ಪರದೆ ಮತ್ತೆ ಕಳಚಿತ್ತು. ಇನ್ನೊಂದು ಕಣ್ಣಿಗೂ ಬಂದೀತು, ಎಚ್ಚರವಿರಲಿ ಎಂದರು ಡಾಕ್ಟರು. ಆ ಮಾತು ಮುಳ್ಳಾಗಿ ಉಳಿಯಿತು. ಮಾಲೀಕರು ಹಿರಿಯೂರಿನ ಶೆಡ್ಡಿನಲ್ಲಿ ಹೊಸ ಡ್ರೈವರುಗಳಿಗೆ ಗಾಡಿ ಕಲಿಸುವ ಕೆಲಸ ಕೊಟ್ಟರು. ಬಲಗಣ್ಣಿಗೆ ಏನೂ ಆಗಲಿಲ್ಲ. ಆದರೂ ಸಣ್ಣ ಧೂಳು ಬಿದ್ದರೆ ಸಾಕು, ಪಾಠ ಅರ್ಧಕ್ಕೇ ಬಿಟ್ಟು ಡಾಕ್ಟರಿಗೆ ತೋರಿಸಲು ಚಿತ್ರದುರ್ಗದ ಬಸ್ಸು ಹತ್ತಿಬಿಡುತ್ತಿದ್ದ.