ಬಾಗಿಲಿಗೆ ತೂಗುಹಾಕಿದ ತಗಡು

ಮಡಕಶಿರಾದ ಅಕ್ಕನ ಮನೆ ಕಿಟಕಿಗೆ ನಾನೇ ವೆಲ್ಡ್ ಮಾಡಿಕೊಟ್ಟ, ತುಕ್ಕು ಹಿಡಿಯಬಾರದ ಸ್ಟೇನ್‌ಲೆಸ್ ಸ್ಟೀಲ್ ಸರಳುಗಳು ಎರಡೇ ವಾರಕ್ಕೆ ತುಕ್ಕು ಹಿಡಿದವು. ಮನೆಯ ಶೆಡ್ಡಿನಲ್ಲಿ ಇಂಥ ಕೆಲಸ ಮಾಡುವುದು ನನ್ನ ಹವ್ಯಾಸ; ಅಕ್ಕನ ಪ್ರಕಾರ ಹುಚ್ಚು. "ಭಾನುವಾರ ಬೀಗರು ಬರ್ತಾರೆ. ಅಷ್ಟರೊಳಗೆ ಸರಿಮಾಡು, ಇಲ್ಲಾಂದ್ರೆ ಕೀಳಿಸಿ ಹಾಕ್ತೀನಿ" ಅಂದಳು.

ಸ್ಟೀಲೇ ನಕಲಿ ಎಂದು ತೀರ್ಮಾನಿಸಿ, ಮಾರಿದವನಿಗೆ ಎರಡು ಪುಟದ ದೂರು ಬರೆದು ಜೇಬಿನಲ್ಲಿಟ್ಟುಕೊಂಡೆ. ವೆಲ್ಡ್ ಮಾಡಿದ ಜಾಗ ಉಜ್ಜುವ ತಂತಿ ಬ್ರಷ್ ಸವೆದಿತ್ತು; ಅದನ್ನು ಬದಲಿಸಲು ರಾಯದುರ್ಗದ ಹಾರ್ಡ್‌ವೇರ್ ಅಂಗಡಿಯೊಂದಕ್ಕೆ ಹೋದೆ.

ಅಂಗಡಿಯಮ್ಮ ಹಳೇ ಬ್ರಷ್ ತಿರುಗಿಸಿ ನೋಡಿದರು. "ಇದರಾಗ ಕಬ್ಬಿಣಾನೂ ಉಜ್ಜೀರಿ, ಸ್ಟೀಲೂ ಉಜ್ಜೀರಿ, ಹೌದಲ್ರಿ?"

"ಹೌದು. ಅದರಲ್ಲೇನು?"

"ಕಬ್ಬಿಣದ ಪುಡಿ ಸ್ಟೀಲಿಗೆ ಮೆತ್ಕೊಂಡು ತುಕ್ಕು ಹಿಡದೈತ್ರಿ. ಸ್ಟೀಲಿಂದೇನೂ ತಪ್ಪಿಲ್ಲ."

ಅಂಗಡಿಯವರ ಮಾತನ್ನು ನಾನು ನಂಬುವುದಿಲ್ಲ. ಆಧಾರ ಏನು ಎಂದು ಕೇಳಿದೆ. ಅವರು ಬೇಸರಿಸದೆ ಬಾಗಿಲಿಗೆ ತೂಗುಹಾಕಿದ್ದ ಸ್ಟೀಲ್ ತಗಡನ್ನು ತೋರಿಸಿದರು. ಅದರ ಅರ್ಧವನ್ನು ಕಬ್ಬಿಣ ಉಜ್ಜಿದ ಬ್ರಷ್‌ನಿಂದ, ಉಳಿದರ್ಧವನ್ನು ಹೊಸ ಸ್ಟೀಲ್ ಬ್ರಷ್‌ನಿಂದ ಉಜ್ಜಿದ್ದರು. ದಿನಾ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಾಗ ಅದಕ್ಕೂ ಒಂದು ಚೊಂಬು ಹಾಕುತ್ತಾರಂತೆ. ಮೊದಲ ಅರ್ಧ ತುಕ್ಕಿನಿಂದ ಕೆಂಪಾಗಿತ್ತು, ಇನ್ನರ್ಧ ಹೊಳೆಯುತ್ತಿತ್ತು.

"ಓದಿದವರು ಬಾಯಿಮಾತು ನಂಬಂಗಿಲ್ರಿ. ಅದಕ್ಕ ಇಟ್ಟೀನಿ."

ನಾನು ಓದಿದ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲೂ ಇಷ್ಟು ಚೊಕ್ಕವಾದ ಪ್ರಯೋಗವನ್ನು ಕಂಡಿಲ್ಲ.

ಅವರು ಹೊಸ ಸ್ಟೀಲ್ ಬ್ರಷ್ ತೆಗೆದು ಹಿಡಿಗೆ ಕೆಂಪು ದಾರ ಕಟ್ಟಿದರು. "ಇದನ್ನ ಕಬ್ಬಿಣಕ್ಕ ಮುಟ್ಟಿಸಬ್ಯಾಡ್ರಿ. ಚೆಂದಾಗಿ ಉಜ್ಜಿದ್ರ ಆ ತುಕ್ಕೂ ಹೋಗ್ತೈತಿ."

ಆಮೇಲೆ ಅದನ್ನು ಸುತ್ತಿಕೊಡಲು ಕಾಗದ ಹುಡುಕತೊಡಗಿದರು. ಜೇಬಿನಲ್ಲಿದ್ದ ಎರಡು ಪುಟ ತೆಗೆದುಕೊಟ್ಟೆ.