ಬಾಳಾಸಾಹೇಬರ ಕಿವಿ ತಪ್ಪಿರಲಿಲ್ಲ

ಆ ಕೈ ನನ್ನದು, ಬಾಳಾಸಾಹೇಬರೇ. ನಿಮ್ಮನ್ನು ಎರಡನೇ ಸ್ಥಾನಕ್ಕೆ ತಳ್ಳಿದ, ಹವ್ಯಾಸಿಗಳ ಆ ಹ್ಯಾಮ್ ರೇಡಿಯೊ ಸ್ಪರ್ಧೆಯಲ್ಲಿ ನಮ್ಮ ಮನೆಯವರ ಹೆಸರಿನಲ್ಲಿ ಮೋರ್ಸ್ ಕೀ ಒತ್ತಿದವಳು ನಾನು. ಅದು ಇವರ ಕೈಯಲ್ಲ ಎಂದು ನೀವು ಕೇಳಿದ ಕೂಡಲೇ ಗುರುತಿಸಿದಿರಿ. ನಾನು ನಾಲ್ಕು ಜನರ ಮುಂದೆ ನಿಮ್ಮನ್ನೇ ಸುಳ್ಳು ಮಾಡಿದೆ. ಅಂಥ ಸುಳ್ಳಿಗೆ ಒಬ್ಬರ ಕಿವಿಯಲ್ಲಿ ಪಿಸುಗುಟ್ಟಿ ಕ್ಷಮೆ ಕೇಳಿದರೆ ಸಾಲದು, ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ — ಕೀ ಒತ್ತಿದ್ದಕ್ಕೆ ನನಗೆ ಎಳ್ಳಷ್ಟೂ ನಾಚಿಕೆಯಿಲ್ಲ. ಲೈಸೆನ್ಸ್ ಇವರದು, ಒಬ್ಬರೇ ಕೂರಬೇಕಾದ ಸ್ಪರ್ಧೆ, ನಾನು ಮುಟ್ಟಬಾರದಿತ್ತು — ಎಲ್ಲ ಗೊತ್ತು. ಕಾಯ್ದೆ ಹೇಳುವವರು ಹೇಳಲಿ. ಇಚಲಕರಂಜಿಯ ನಮ್ಮ ಮನೆಯಲ್ಲಿ ಇವರು ಕ್ಯಾಸೆಟ್ ಹಚ್ಚಿಕೊಂಡು ಗಿಡ್ಡ ಸದ್ದಿಗೆ ಡಿಟ್, ಉದ್ದ ಸದ್ದಿಗೆ ಡಾ ಎಂದು ಮೋರ್ಸ್ ಅಕ್ಷರ ಬಾಯಿಪಾಠ ಮಾಡುವಾಗ ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಗೋಡೆಯಾಚೆ ಮಗ್ಗಗಳ ಖಡಖಡ. ಅದರ ನಡುವೆಯೂ ಅಕ್ಷರಗಳು ಒಂದೊಂದಾಗಿ ನನ್ನ ಕಿವಿಗೆ ಹತ್ತಿದವು, ಅವರ ಕಿವಿಗೆ ಹತ್ತಲಿಲ್ಲ. ಅದಕ್ಕೆ ನಾನೇನು ಮಾಡಲಿ? ಕೊಲ್ಹಾಪುರದ ಕ್ಲಬ್ಬಿನಲ್ಲಿ ನೀವೇ ಬೆರಳು ಹಿಡಿದು ಇವರಿಗೆ ಕಲಿಸಿದಿರಿ. ನಿಧಾನಕ್ಕೆ ಒತ್ತಿ ಪರೀಕ್ಷೆ ಪಾಸಾದರು. ಮೈಕ್ ಹಿಡಿದರೆ ಊರನ್ನೇ ನಗಿಸುವ ಮನುಷ್ಯ, ಸ್ಪರ್ಧೆಯ ವೇಗಕ್ಕೆ ಮಾತ್ರ ಬೆವರುತ್ತಿದ್ದರು.

ಸ್ಪರ್ಧೆಯ ದಿನ ಗಲ್ಲಿಯ ಮಗ್ಗಗಳಿಗೆ ರಜೆ. ಅವುಗಳ ಕರೆಂಟಿನಿಂದ ರೇಡಿಯೊ ಸೆಟ್ಟಿನಲ್ಲಿ ಯಾವಾಗಲೂ ಇರುವ ಗರಗರ ಇಲ್ಲ, ದೂರದ ದನಿಗಳೆಲ್ಲ ತೊಳೆದಿಟ್ಟ ಹಾಗೆ ಕೇಳುತ್ತಿದ್ದವು. ಇವರು ಎರಡು ಸಲ ತಡವರಿಸಿ, ಹೆಡ್‌ಫೋನ್ ತೆಗೆದು ನನ್ನ ಕಡೆ ನೋಡಿದರು. ನಾನು ಕೈ ಒರೆಸಿಕೊಂಡು ಕುಳಿತೆ — ಕುಳಿತವಳು ಏಳಲೇ ಇಲ್ಲ. ಜಪಾನಿನವನು, ರಷ್ಯಾದವನು, ಹೆಸರೇ ಕೇಳದ ದ್ವೀಪದವನು, ಎಲ್ಲರೂ ನನ್ನ ಕರೆಗೆ ಓಗೊಡುತ್ತಿದ್ದರು. ಸಿಕ್ಕವರು ಹೆಚ್ಚಿದಷ್ಟೂ ಅಂಕ ಹೆಚ್ಚು; ಇವರು ಪಕ್ಕದಲ್ಲಿ ಕೂತು ಅವರನ್ನೆಲ್ಲ ಬರೆದುಕೊಂಡರು, ಚಹಾ ಮಾಡಿ ತಂದರು. ಮದುವೆಯಾಗಿ ಬಂದ ಮೇಲೆ ಅಷ್ಟು ಸುಖ ನಾನು ಎಂದೂ... ಇರಲಿ. ನಡುವೆ ಗಡಹಿಂಗ್ಲಜದ ನಿಮ್ಮ ಸೆಟ್ಟಿನಿಂದ ನೀವೂ ನನ್ನ ಕರೆಗೆ ಸಿಕ್ಕಿರಿ, ಒಂದೇ ಗಳಿಗೆ. ಮಾತಾಡುವವರಿಗೆ ದನಿ ಇದ್ದ ಹಾಗೆ ಕೀ ಒತ್ತುವವರಿಗೆ ಒಂದು ಕೈ ಇರುತ್ತದೆ. ನನ್ನ ಕೊನೆಯ ಡಾ ಸ್ವಲ್ಪ ಎಳೆಯುತ್ತದೆ. ನಿಮಗೆ ಅಷ್ಟೇ ಸಾಕಾಯಿತು.

ಬಹುಮಾನದ ದಿನ ಎಲ್ಲರೂ ಕೊಲ್ಹಾಪುರದಲ್ಲಿ ಸೇರಿದ್ದೆವು. ಕ್ಲಬ್ಬಿನವರು ಖಾರದ ಮಿಸಳ್ ತಿಂದು ಮೂಗು ಒರೆಸಿಕೊಳ್ಳುತ್ತ, ಮೆಣಸಿನಕಾಯಿ ವ್ಯಾಪಾರಿಗೇ ಖಾರ ಹತ್ತಿತು ಎಂದು ನಿಮ್ಮ ಕಾಲೆಳೆಯುತ್ತ ಇದ್ದರು. ಕಪ್ ಇವರ ಕೈಗೆ ಬಂತು. ಆಗ ನೀವು ಎದ್ದು ಬಂದು, ಚೀಲದಿಂದ ನಿಮ್ಮ ಹಿತ್ತಾಳೆಯ ಕೀ ತೆಗೆದು ಇವರ ಮುಂದೆ ಇಟ್ಟಿರಿ.

“ರೇಡಿಯೋದಾಗ ಬಂದಿದ್ದು ನಿಮ್ಮ ಕೈ ಅಲ್ಲರಿ, ಭೂಪಾಲಣ್ಣ. ನಾ ಕಲಿಸಿದ ಕೈ ನನಗ ಗೊತ್ತಾಗಂಗಿಲ್ಲೇನು? ಒಂದೀಟು ಒತ್ತಿ ತೋರಸ್ರಿ.”

ಇವರ ಮುಖ ಸುಣ್ಣದ ಗೋಡೆಯಾಯಿತು. ಹೊಟ್ಟೆಕಿಚ್ಚು ಎಂದು ಯಾರೋ ಗೊಣಗಿದರು. ಇನ್ನೊಬ್ಬರು ಅತ್ತಿಗೆಯೆಂಬ ಸಲುಗೆಯಲ್ಲಿ ನನ್ನ ಕಡೆ ತಿರುಗಿ, “ವೈನಿ, ನೀವ ಖರೇ ಹೇಳ್ರಿ. ಮನ್ಯಾಗ ಕೀ ಒತ್ತೋರು ಯಾರು?” ಎಂದರು.

“ಮತ್ತ ಯಾರ್ ಒತ್ತತಾರ್ರಿ? ಇವರ. ನನಗ ಆ ಟಿಕ್‌ಟಿಕ್ ಕೇಳಿದ್ರ ತಲಿ ಸಿಡೀತೈತಿ.”

ಎಲ್ಲರೂ ನಕ್ಕರು. ನೀವು ನನ್ನನ್ನೇ ನೋಡಿದಿರಿ. “ವೈನಿ ಸುಳ್ಳ ಹೇಳಂಗಿಲ್ಲ. ಹಂಗಾರ ನನ್ನ ಕಿವೀನ ತಪ್ಪಿರಬೇಕು” ಎಂದಿರಿ. ಕೀ ಮೇಜಿನ ಮೇಲೆಯೇ ಬಿಟ್ಟು ಹೋದಿರಿ. ತಲುಪಿಸುತ್ತೇನೆ ಎಂದು ಅದನ್ನು ಮನೆಗೆ ತಂದವಳೂ ನಾನೇ. ತಲುಪಿಸಲಿಲ್ಲ.

ಗಂಡನ ಮಾನ, ಅತ್ತೆಯ ಅಂಜಿಕೆ — ನೆಪ ಬೇಕಾದಷ್ಟಿವೆ, ಒಂದೂ ಬೇಡ. ನಿಜ ಹೇಳಿದ್ದರೆ ಯಾರೂ ನನ್ನನ್ನು ಮತ್ತೆ ಸೆಟ್ಟಿನ ಮುಂದೆ ಕೂರಗೊಡುತ್ತಿರಲಿಲ್ಲ. ನನಗೆ ಆ ಕುರ್ಚಿ ಬೇಕಿತ್ತು. ಅದಕ್ಕಾಗಿ ನಿಮ್ಮ ಕಿವಿಯನ್ನು ಕೊಟ್ಟುಬಿಟ್ಟೆ — ನನ್ನದಲ್ಲದ್ದನ್ನು.

ಇಷ್ಟು ದೊಡ್ಡದಾದೀತೆಂದು ಗೊತ್ತಿರಲಿಲ್ಲ ಅನ್ನಲೂ ಬಾಯಿಲ್ಲ. ಮೊನ್ನೆ ಕುರುಂದವಾಡದ ಮದುವೆಯಲ್ಲಿ ಸಿಕ್ಕಿದಿರಿ. “ಸೆಟ್ ಹಚ್ಚಿ ಭಾಳ ವರ್ಷ ಆತ್ರಿ, ವೈನಿ” ಎಂದಿರಿ. “ಅವತ್ತ ಕಿವಿ ತಪ್ಪಿತಲ್ಲ, ಮತ್ತ ಅದರ ಮ್ಯಾಲೆ ನಂಬಿಕಿ ಬರಲಿಲ್ಲ.” ಬ್ಯಾಂಡಿನ ಗದ್ದಲದಲ್ಲಿ, ಹಿಂದಿನಿಂದ ನಾನು ಮೆಲ್ಲಗೆ ಕರೆದದ್ದಕ್ಕೇ ನೀವು ತಿರುಗಿದ್ದಿರಿ! ಆಗಲಾದರೂ ಹೇಳಬಹುದಿತ್ತು. ಜಿಲೇಬಿ ತಿಂದು ಮನೆಗೆ ಬಂದೆ.

ಈಗ ನನ್ನ ಹೆಸರಿಗೂ ಲೈಸೆನ್ಸ್ ಇದೆ. ಪರೀಕ್ಷೆಗೆ ಕೈ ಪಳಗಿಸಿದ್ದು ನಿಮ್ಮ ಕೀ ಮೇಲೆಯೇ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಎಲ್ಲ ಬರೆಯುತ್ತೇನೆ ಎಂದಾಗ ಇವರು ತಾಟಿನ ಮುಂದೆ ಕೂತಿದ್ದರು.

“ಈಗ್ಯಾಕ ಈ ರಾಡಿ ಎಬ್ಬಸ್ತಿ? ಈ ವಯಸ್ಸಿನ್ಯಾಗ ನನ್ನ ಮಾನ ಕಳೀತಿ ಏನ?”

“ಕಪ್ಪೂ ನಿಮ್ಮದಲ್ಲ, ಕೈನೂ ನಿಮ್ಮದಲ್ಲ. ಎರಡೂ ಬಿಡ್ರಿ” ಎಂದೆ.

ಊಟ ಬಿಟ್ಟು ಎದ್ದರು. ಏಳಲಿ. ಹಸಿವಾದರೆ ಬರುತ್ತಾರೆ.

ಕಪ್ ಕ್ಲಬ್ಬಿಗೆ ಕೊಡುತ್ತೇನೆ, ಅಲ್ಲಿಂದ ಅದು ನಿಮ್ಮ ಮನೆಗೆ ಬರಬೇಕು. ನನ್ನನ್ನು ಕ್ಲಬ್ಬಿನಿಂದ ಹೊರಹಾಕುವುದಾದರೆ ಹಾಕಲಿ. ಲೈಸೆನ್ಸಿಗೇ ಕುತ್ತು ಬಂದರೂ — ಬರಲಿ. ಕೀ ಮಾತ್ರ ಬರುವ ರವಿವಾರದವರೆಗೆ ಇಟ್ಟುಕೊಳ್ಳುತ್ತೇನೆ. ಆ ದಿನ ಬೆಳಿಗ್ಗೆ ಕ್ಲಬ್ಬಿನವರೆಲ್ಲ ಸೆಟ್ ಹಚ್ಚಿ ಕೂರುವ ಹೊತ್ತಿಗೆ, ಅದೇ ಕೀ ಒತ್ತಿ ನಿಮ್ಮನ್ನು ಕರೆಯುತ್ತೇನೆ, ನನ್ನ ಸ್ವಂತ ಕಾಲ್‌ಸೈನಿನಿಂದ, ಲೈಸೆನ್ಸಿನ ಜೊತೆ ನನಗೇ ಸಿಕ್ಕ ಗುರುತಿನಿಂದ. ಕ್ಷಮಿಸಿ ಎಂದು ಕೇಳುವುದಿಲ್ಲ, ಅದನ್ನು ಕೇಳುವ ಹಕ್ಕು ನನಗಿಲ್ಲ. ಅಂದು ನೀವು ಕೇಳಿದ ಕೈ ಇದೇ ಹೌದೋ ಅಲ್ಲವೋ, ಎಲ್ಲರೂ ಕೇಳುತ್ತಿರುವಾಗ ನೀವೇ ಹೇಳಬೇಕು. ಕೊನೆಯ ಡಾ ಈಗಲೂ ಎಳೆಯುತ್ತದೆ, ತಿದ್ದಿಕೊಂಡಿಲ್ಲ.

ಧೂಳು ಒರೆಸಿ ಸೆಟ್ ಹಚ್ಚಿರಿ, ಬಾಳಾಸಾಹೇಬರೇ.