ಮೊದಲು ಎಮ್ಮೆ

ಜಹೀರಾಬಾದಿನ ಬ್ಯಾಂಕ್ ಗುಮಾಸ್ತ ಸಂಜೀವಪ್ಪನವರು ಪರೀಕ್ಷಿಸದೆ ಏನನ್ನೂ ನಂಬುವವರಲ್ಲ. ಚಪ್ಪಲಿ ಕೊಳ್ಳುವಾಗಲೂ ಅಂಗಡಿಯೊಳಗೇ ನಾಲ್ಕು ಸುತ್ತು ಹಾಕುವವರು. "ಮೊಳಕಿ ನೋಡದೇ ಬಿತ್ತಬಾರದ್ರಿ" ಎಂಬುದು ಅವರ ಪಲ್ಲವಿ. ತಮ್ಮ ಹಳ್ಳಿ ಝರಾಸಂಗಂನಲ್ಲಿ ಜೋಳದ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳೆತ ಮೇಲಷ್ಟೇ ಬಿತ್ತನೆಗೆ ಕೈ ಹಾಕುತ್ತಿದ್ದ, ಈಗಿಲ್ಲದ ಅವ್ವ ಬಾಳಮ್ಮನಿಂದ ಬಂದ ಬುದ್ಧಿ ಅದು. ಹಾಗಾಗಿ ಅವರ ಫೋಟೋಗಳೆಲ್ಲ ಇದ್ದ ಒಂದೇ ಒಂದು ಆನ್‌ಲೈನ್ ತಾಣ ತಿಂಗಳ ಕೊನೆಗೆ ಮುಚ್ಚುತ್ತದೆಂದು ತಿಳಿದಾಗಲೂ ಅವರು ಅವಸರಪಡಲಿಲ್ಲ. ಫೋಟೋಗಳನ್ನು ಸಾಗಿಸಲು ಹುಡುಕಿದ ಪ್ರತಿ ಹೊಸ ತಾಣಕ್ಕೂ ಮೊದಲು, ಹೋದರೂ ನಷ್ಟವಿಲ್ಲದ ಒಂದು ಎಮ್ಮೆಯ ಫೋಟೋ ಏರಿಸಿ, ವಾರ ಬಿಟ್ಟು ಬಂದು ಎಮ್ಮೆ ಇದೆಯೋ ಇಲ್ಲವೋ ನೋಡುತ್ತಿದ್ದರು. ಇದ್ದರೂ ಸಮಾಧಾನವಿಲ್ಲ, "ಇನ್ನೊಂದು ನೋಡೂಣ್ರಿ" ಎನ್ನುತ್ತಿದ್ದರು. ನಡುವೆ ಪ್ರತ್ಯೇಕ ತೆಲಂಗಾಣ ಹೋರಾಟದ ಬಂದ್‌ಗಳು ದಿನಗಳನ್ನು ನುಂಗಿದವು. ಕೊನೆಯ ದಿನವೂ ಬಂದ್. ಇಂಟರ್ನೆಟ್ ಸೆಂಟರಿನ ತುಳಸಿರಾಮ ಶಟರನ್ನು ಅರ್ಧ ಎತ್ತಿ ಅವರನ್ನು ಒಳಗೆ ಬಿಟ್ಟು, "ಘೋಷಣೆ ಕೂಗ್ಕೋತ ಜುಲೂಸ್ ಬರಾಕತ್ತದ, ಲಗೂ ಮುಗಸ್ರಿ ಸಾಬ್" ಎಂದ. ಸಂಜೀವಪ್ಪ ನಾಲ್ಕನೆಯ ತಾಣ ತೆರೆದು, ರೂಢಿಯಂತೆ ಎಮ್ಮೆಯನ್ನೇ ಮೊದಲು ಏರಿಸಿದರು. ಅದು ಏರಿತು, ಕರೆಂಟು ಹೋಯಿತು. ಎಮ್ಮೆ ನಾಲ್ಕೂ ಕಡೆ ಸುಖವಾಗಿತ್ತು. ಜೀವಮಾನದಲ್ಲಿ ಒಮ್ಮೆ ಮಾತ್ರ ಕ್ಯಾಮೆರಾದ ಮುಂದೆ ನಿಂತಿದ್ದ ಬಾಳಮ್ಮ, ಕಾಳಿನ ಒದ್ದೆ ಗಂಟು ಹಿಡಿದುಕೊಂಡು, ಮುಚ್ಚುವ ತಾಣದಲ್ಲೇ ಉಳಿದಿದ್ದಳು.